ಟೀವಿಯಲ್ಲಿ ಬಂದ ನನ್ನ ಕಾಲುಗಳು

ಕಳೆದ ತಿಂಗಳು ಇಚಲಕರಂಜಿಯಲ್ಲಿ ಚಷ್ಮೆಯ ಅಂಗಡಿ ಹುಡುಕಿಕೊಂಡು ಹೋದವಳು ಒಂದು ಹಳೆಯ ಕಟ್ಟಡದ ಮೆಟ್ಟಿಲು ಹತ್ತಿದೆ. ಅರ್ಧ ಹತ್ತುವಷ್ಟರಲ್ಲಿ ಮೂಗಿಗೆ ಗಂಜಿಯ ವಾಸನೆ ಬಡಿಯಿತು. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಕುದಿಯುವ ಗಂಜಿಯಲ್ಲಿ ಅದ್ದಿ ಬಿಗಿ ಮಾಡುತ್ತಾರೆ. ಅದಕ್ಕೆ ನಮ್ಮ ಕಡೆ ಸೈಜಿಂಗ್ ಎಂದು ಹೆಸರು. ಊರಿನ ತುಂಬ ಇರುವ ವಾಸನೆಯೇ ಅದು. ಆದರೆ ಕತ್ತಲೆಯ ಮೆಟ್ಟಿಲ ಮೇಲೆ, ಒದ್ದೆ ಗೋಡೆಗಳ ನಡುವೆ, ಕೆಳಗಿನಿಂದ ಬಿಸಿಬಿಸಿಯಾಗಿ ಏರಿ ಬರುವ ಗಂಜಿಯ ವಾಸನೆಯನ್ನು ನಾನು ಒಂದೇ ಕಡೆ ಕುಡಿದದ್ದು. ತಲೆ ಎತ್ತಿ ನೋಡಿದೆ. ಅದೇ ಹಾಲ್. ಈಗ ಪ್ಲೈವುಡ್ ಹೊಡೆದು ಒಳಗೆ ಮೂರು ಅಂಗಡಿ ಮಾಡಿದ್ದಾರೆ. ಚಷ್ಮೆಯವನು ಒಂದು ಚೌಕಟ್ಟನ್ನು ನನ್ನ ಮೂಗಿಗೆ ಏರಿಸಿ, ಕನ್ನಡಿಯಲ್ಲಿ ನೋಡಿಕೊಳ್ಳಿ ಎಂದ. ಚೆನ್ನಾಗಿದೆ ಬಿಡಿ ಎಂದು ಹೇಳಿ, ನೋಡಿಕೊಳ್ಳದೆಯೇ ಇಳಿದು ಬಂದೆ.

ಆ ಹಾಲ್‌ನಲ್ಲಿ ನಾನು ಒಂದು ಮಳೆಗಾಲ ಕುಣಿದಿದ್ದೆ. ಎಂಟೊಂಬತ್ತು ವರ್ಷ ಆಗಿರಬೇಕು. ಮಗಳು ಅಶ್ವಿನಿ ಆಗ ಏಳನೆಯ ತರಗತಿಯಲ್ಲಿದ್ದಳು. ನನಗೆ ಮೂವತ್ತೆಂಟು.

ನನ್ನ ತವರು ಸುಳಕೂಡ. ಕುರಿ, ಹೊಲ, ಎರಡೂ ಇದ್ದ ಮನೆ. ಗಡಿ ದಾಟಿದರೆ ಕನ್ನಡ ಶಾಲೆ, ಅಲ್ಲಿ ಹತ್ತನೆಯವರೆಗೆ ಓದಿದೆ. ಮದುವೆಯಾಗಿ ಬಂದದ್ದು ಇಚಲಕರಂಜಿಯ ಪಕ್ಕದ ಯಡ್ರಾವಕ್ಕೆ. ನಮ್ಮವರದು ಮನೆಯ ಹಿಂದೆಯೇ ಪವರ್‌ಲೂಮಿನ ಶೆಡ್. ನಾವು ಮಲಗುವ ಕೋಣೆಗೂ ಮಗ್ಗಗಳಿಗೂ ನಡುವೆ ಒಂದೇ ಗೋಡೆ. ಮದುವೆಯಾದ ಹೊಸತರಲ್ಲಿ ಗೋಡೆ ನಡುಗುವುದಕ್ಕೆ ನಿದ್ದೆ ಬರುತ್ತಿರಲಿಲ್ಲ. ಆಮೇಲಾಮೇಲೆ ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು.

ಏನು ಕೊರತೆ ಇತ್ತು ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ. ನಮ್ಮವರು ಕುಡಿಯುವವರಲ್ಲ, ಕೈ ಎತ್ತಿದವರಲ್ಲ. ಅತ್ತೆ ಬಿಗಿ ಸ್ವಭಾವದವರು, ಆದರೆ ಉಪವಾಸ ಕೆಡವಿದವರಲ್ಲ. ಬೆಳಿಗ್ಗೆ ಎದ್ದರೆ ರೊಟ್ಟಿ, ಶೆಡ್ಡಿನವರಿಗೆ ಚಹಾ, ಮಧ್ಯಾಹ್ನ ಮತ್ತೆ ರೊಟ್ಟಿ, ನಡುವೆ ಬಟ್ಟೆ, ಸಂಜೆ ಮತ್ತೆ ಚಹಾ. ಮನೆಗೆ ಬಂದವರು "ಏನ ಮಾಡೀದಿ ಇವತ್ತ?" ಎಂದು ಕೇಳಿದರೆ ಪಲ್ಯ ಯಾವುದು ಎಂದೇ ಅರ್ಥ. ಬೇರೆ ಉತ್ತರ ಕೊಡಬಹುದಾದ ಪ್ರಶ್ನೆಯನ್ನು ಯಾರಾದರೂ ನನ್ನನ್ನು ಕೇಳಿ ಎಷ್ಟೋ ವರ್ಷಗಳಾಗಿದ್ದವು. ಕೆಲವು ಮಧ್ಯಾಹ್ನ ಬಚ್ಚಲಲ್ಲಿ ಬಟ್ಟೆ ಕುಕ್ಕುತ್ತ ಕುಕ್ಕುತ್ತ ಸುಮ್ಮನೆ ಅಳು ಬರುತ್ತಿತ್ತು. ಸೋಪು ಕಣ್ಣಿಗೆ ಹೋಯಿತು ಎಂದುಕೊಂಡು ಮುಗಿಸುತ್ತಿದ್ದೆ.

ಮೊಣಕಾಲು ನೋಯಲು ಶುರುವಾಗಿ ಡಾಕ್ಟರ ಬಳಿ ಹೋದಾಗ, ತೂಕ ಇಳಿಸಬೇಕು, ಕೂಡಲೇ ವ್ಯಾಯಾಮ ಶುರುಮಾಡಿ ಎಂದರು. ನಮ್ಮವರು ದಾರಿಯಲ್ಲಿ, "ಮನ್ಯಾಗ ಅಡ್ಡಾಡ್ತಿಯಲ್ಲ, ಅದ ಆತು," ಎಂದರು. ಆದರೆ ಡಾಕ್ಟರು ಹೇಳಿದ್ದು ಅತ್ತೆಯ ಎದುರಿಗೆ. ನಾನು ಹಾಸಿಗೆ ಹಿಡಿದರೆ ರೊಟ್ಟಿ ಬಡಿಯುವವರು ಯಾರು ಎನ್ನುವುದು ಅವರಿಗೆ ಬೇಗ ಹೊಳೆಯಿತು. "ಹೋಗಲಿ ಬಿಡಪಾ, ಒಂದ ತಾಸಿಂದು," ಎಂದು ಅವರೇ ಮಗನಿಗೆ ಹೇಳಿದರು. ಹೀಗೆ ಜೂನ್ ತಿಂಗಳ ಮೊದಲ ಮಳೆಗೆ ನಾನು ಆ ಸೈಜಿಂಗ್ ಕಾರಖಾನೆಯ ಮೇಲಿನ ಹಾಲ್‌ಗೆ ಹೋದೆ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಹೆಂಗಸರಿಗೆ ಏರೋಬಿಕ್ಸ್ ಕ್ಲಾಸು ನಡೆಯುತ್ತದೆ ಎಂದು ಯಾರೋ ಹೇಳಿದ್ದರು. ಏರೋಬಿಕ್ಸ್ ಎಂದರೇನು ಎಂದು ನನಗೆ ಗೊತ್ತಿರಲಿಲ್ಲ. ಯೋಗದ ಹಾಗೆ ಮಲಗಿಸಿ ಉಸಿರು ಎಳೆಸುತ್ತಾರೆ ಎಂದುಕೊಂಡಿದ್ದೆ.

ಕಲಿಸುವವಳು ಜ್ಯೋತಿ. ಇಪ್ಪತ್ತಾರು ಇಪ್ಪತ್ತೇಳರ ಸಣಕಲು ಹುಡುಗಿ, ಕೊರಳಲ್ಲಿ ಒಂದು ಸೀಟಿ. ಅವಳ ಅಜ್ಜ ಚಿಕ್ಕೋಡಿ ಕಡೆಯಿಂದ ಕೆಲಸಕ್ಕೆ ಬಂದವರು, ಅಪ್ಪ ಕೊಲ್ಲಾಪುರದ ಅಂಚಿನ ಶಿರೋಳಿಯ ಫೌಂಡ್ರಿಯೊಂದರಲ್ಲಿ ಅಚ್ಚು ಹಾಕುತ್ತಿದ್ದರು. ಪುಣೆಯಲ್ಲಿ ಕೋರ್ಸ್ ಮಾಡಿ ಬಂದಿದ್ದಳು. ನನ್ನ ಮಾತು ಕೇಳಿದ ಕೂಡಲೇ ಮರಾಠಿ ಬಿಟ್ಟು ಕನ್ನಡಕ್ಕೆ ಬಂದಳು, ಅತ್ತಿಗೆ ಎನ್ನುವುದನ್ನು ಮಾತ್ರ ಮರಾಠಿಯಲ್ಲೇ ಉಳಿಸಿಕೊಂಡಳು.

"ವೈನಿ, ಸೀರಿ ಉಟ್ಕೊಂಡು ಆಗೂದಿಲ್ಲ. ನಾಳೆ ಪಂಜಾಬಿ ಡ್ರೆಸ್ ತಗೊಂಡು ಬರ್ರಿ. ಇವತ್ತ ಸೀರಿ ಎತ್ತಿ ಕಟ್ಕೋರಿ."

ಸುತ್ತ ಇದ್ದವರು ಹದಿನೈದು ಹೆಂಗಸರು ಇರಬಹುದು. ಅಂಗಡಿಯವರ ಮನೆಯವರು, ಮಾಸ್ತರರ ಹೆಂಡಂದಿರು, ನನ್ನಂಥ ಶೆಡ್ಡಿನವರು. ದೊಡ್ಡ ಸ್ಪೀಕರ್‌ನಲ್ಲಿ ಡೋಲು ಹೊಡೆದಂಥ ಸಂಗೀತ ಶುರುವಾಯಿತು. ಮೊದಲ ದಿನ ನನ್ನ ಉಸಿರು ಹತ್ತಿ, ಗೋಡೆ ಹಿಡಿದು ಕೂತುಬಿಟ್ಟೆ. ಎರಡನೆಯ ವಾರದಲ್ಲಿ ಏನೋ ಆಯಿತು. ಜ್ಯೋತಿ ಹೊಸ ಹೆಜ್ಜೆ ತೋರಿಸಿದಳು. ಎಡಕ್ಕೆ ಎರಡು, ಬಲಕ್ಕೆ ಎರಡು, ಹಿಂದೆ ಹೋಗಿ ಒಂದು ತಿರುಗು. ಎಲ್ಲರ ಕಾಲೂ ಒಂದಕ್ಕೊಂದು ಸಿಕ್ಕಿಕೊಂಡವು. ನನ್ನ ಕಾಲು ತಾನೇ ಹೋಯಿತು. ಜ್ಯೋತಿ ಸಂಗೀತ ನಿಲ್ಲಿಸಿದಳು.

"ವೈನಿ, ನಿಮಗ ಮೊದಲ ಯಾರು ಕಲಿಸ್ಯಾರ?"

"ಯಾರೂ ಇಲ್ಲವಾ."

"ಹಂಗಾದ್ರ ಮುಂದ ಬರ್ರಿ. ನನ್ನ ಬಾಜೂಕ ನಿಂದರ್ರಿ."

ಅವತ್ತು ಮನೆಗೆ ಬಂದು ಮಲಗಿದಾಗ ಗೋಡೆಯ ಆಚೆ ಮಗ್ಗಗಳು ಬಡಿಯುತ್ತಿದ್ದವು. ಲಾಳಿ ಆ ಕಡೆ ಈ ಕಡೆ ಓಡುವ ಸಪ್ಪಳ. ಹದಿನೇಳು ವರ್ಷ ಅದರ ಪಕ್ಕದಲ್ಲಿ ಮಲಗಿದ ಮೈಗೆ ತಾಳ ಎಲ್ಲಿಂದ ಬಂತು ಎಂದು ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಆಷಾಢದ ಮಳೆ ಹಿಡಿದುಕೊಂಡಿತ್ತು. ಕಿಟಕಿಯ ಹೊರಗೆ ನೀರು, ಒಳಗೆ ನಾವು ಬೆವರಿನಲ್ಲಿ. ಜ್ಯೋತಿ ಸೀಟಿ ಊದುತ್ತಿದ್ದಳು, "ಉಸಿರ ಹಿಡೀಬ್ಯಾಡ್ರಿ, ಬಿಡ್ರಿ, ಬಿಡ್ರಿ" ಎಂದು ಕೂಗುತ್ತಿದ್ದಳು. ಒಲೆಯ ಮುಂದೆಯೂ ಬೆವರುತ್ತಿದ್ದೆ. ಆ ಬೆವರು ಸೆರಗಿನಿಂದ ಒರೆಸಿಕೊಳ್ಳುವಂಥದು. ಇಲ್ಲಿಯದನ್ನು ಒರೆಸಬೇಕು ಅನಿಸುತ್ತಿರಲಿಲ್ಲ. ಕ್ಲಾಸು ಮುಗಿದರೆ ಹಸಿವೆಯೋ ಹಸಿವೆ. ಒಂದು ದಿನ ರಿಕ್ಷಾ ಸ್ಟ್ಯಾಂಡಿನ ಹತ್ತಿರದ ಗಾಡಿಯಲ್ಲಿ ಒಬ್ಬಳೇ ನಿಂತು, ಖಾರದ ರಸ ಸುರಿದ ವಡಾ ತಿಂದೆ. ಜೀವನದಲ್ಲಿ ಮೊದಲ ಸಲ ನನಗಾಗಿ ನಾನೇ ಕೇಳಿ, ಯಾರ ಪಾಲೂ ಅಲ್ಲದ್ದನ್ನು ತಿಂದದ್ದು. ಗಾಡಿಯವನು, "ಅಜೂನ್ ಏಕ್, ತಾಯಿ?" ಎಂದ. ಇನ್ನೊಂದು ತಿಂದೆ.

ಅತ್ತೆ ಬದಲಾವಣೆಯನ್ನು ನೋಡುತ್ತಿದ್ದರು. ಒಂದು ಸಂಜೆ ಅಕ್ಕಿ ಆರಿಸುತ್ತ ಕೇಳಿದರು. "ಆ ಕಲಿಸೂ ಹುಡುಗಿ ಯಾರ ಪೈಕಿ?"

"ಅವರ ಮನ್ಯಾಗ ಬುದ್ಧನ ಫೋಟೋ ಐತ್ರಿ," ಎಂದೆ.

ಅತ್ತೆ ಅಕ್ಕಿಯಿಂದ ಒಂದು ಕಲ್ಲು ತೆಗೆದು ಎಸೆದರು. "ಅಲ್ಲಿ ಚಹಾ ಕುಡದ್ಯೇನ?"

"ಹೌದ್ರಿ. ಎರಡ ಕಪ್ಪು."

ಮತ್ತೆ ಆ ಮಾತು ತೆಗೆಯಲಿಲ್ಲ. ಆದರೆ ನನ್ನ ಲೋಟ ಮಾತ್ರ ಅಂದಿನಿಂದ ಕಟ್ಟೆಯ ಬೇರೆ ಮೂಲೆಯಲ್ಲಿ ಇರುತ್ತಿತ್ತು. ನಾನೂ ಅದನ್ನು ಎತ್ತಿ ಒಳಗಿಡಲಿಲ್ಲ.

ಒಂದು ಮಧ್ಯಾಹ್ನ ಅಶ್ವಿನಿ ಹಟ ಹಿಡಿದಳು. ಶಾಲೆಯಲ್ಲಿ ಗೆಳತಿಯರು ಕೇಳುತ್ತಾರೆ, ನಿಮ್ಮವ್ವ ಏನು ಕಲಿಯುತ್ತಾಳೆ ಎಂದು, ತೋರಿಸು ಎಂದಳು. ಅಡಿಗೆಮನೆಯಲ್ಲೇ ಅವಳ ಎರಡೂ ಕೈ ಹಿಡಿದು ಹೆಜ್ಜೆ ಹೇಳಿಕೊಡುತ್ತಿದ್ದೆ. ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ನಮ್ಮವರು ಊಟಕ್ಕೆ ಬಂದು ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಾಗಲಿಲ್ಲ. ಅವರ ಹಿಂದೆ ಶೆಡ್ಡಿನ ಇಬ್ಬರು ಕೆಲಸದವರೂ ಇದ್ದರು, ಪಡಸಾಲೆಯಲ್ಲಿ ಅತ್ತೆ ಕೂತಿದ್ದರು.

"ಎಮ್ಮಿ ಕುಣದ್ರ ಹಾಲ ಹೆಚ್ಚ ಕೊಡೂದಿಲ್ಲ," ಎಂದರು ನಮ್ಮವರು. "ಗ್ವಾದಲಿ ಮುರೀತೈತಿ, ಅಷ್ಟ."

ಕೆಲಸದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಶ್ವಿನಿ ನನ್ನ ಕೈ ಬಿಟ್ಟಳು. ನಾನು ತಟ್ಟೆ ಹಾಕಿದೆ. ಅವರು ಸಿಟ್ಟಿನಿಂದ ಅಂದದ್ದಲ್ಲ, ಅದೇ ನನ್ನನ್ನು ಸುಟ್ಟಿತು. ಊಟ ಮಾಡಿ, ಪಲ್ಯ ಚಲೋ ಆಗೇದ ಎಂದು ಹೇಳಿ ಎದ್ದುಹೋದರು.

ಶ್ರಾವಣದ ಹೊತ್ತಿಗೆ ಜ್ಯೋತಿ ಒಂದು ಸುದ್ದಿ ತಂದಳು. ಕೊಲ್ಲಾಪುರದಲ್ಲಿ ಮರಾಠಿ ಸೀರಿಯಲ್ ಒಂದರ ಶೂಟಿಂಗ್ ನಡೆದಿದೆ. ಕಥೆಯಲ್ಲಿ ಬೇಸತ್ತ ಗೃಹಿಣಿಯೊಬ್ಬಳು ಏರೋಬಿಕ್ಸ್ ಕಲಿತು ತನ್ನ ಜೀವನ ಬದಲಿಸಿಕೊಳ್ಳುತ್ತಾಳೆ. ನಗುವೂ ಇದೆ, ಅಳುವೂ ಇದೆ. ಕ್ಲಾಸಿನ ದೃಶ್ಯಗಳಿಗೆ ನಿಜವಾಗಿ ಹೆಜ್ಜೆ ಬರುವ ಹೆಂಗಸರು ಬೇಕು. ಹೆಜ್ಜೆ ಕೂರಿಸುವ ಕೆಲಸ ಜ್ಯೋತಿಯದು, ಅವಳ ಹೆಸರು ಟೀವಿಯಲ್ಲಿ ಬರುತ್ತದೆ. ಅದನ್ನು ಎರಡು ಸಲ ಹೇಳಿದಳು. "ನಮ್ಮಪ್ಪಗ ಹೇಳೀನಿ ವೈನಿ. ಹೆಸರು ಬಂದ ದಿನ ರಜಾ ಹಾಕ್ತೀನಿ ಅಂದಾನ."

ಮನೆಯಲ್ಲಿ ಹೇಗೆ ಕೇಳಲಿ ಎಂದು ನಾನು ಎರಡು ದಿನ ಒದ್ದಾಡಿದೆ. ನಮ್ಮವರು ಕೂಡಲೇ ಒಪ್ಪಿದರು. "ಟೀವ್ಯಾಗ ಬರ್ತೀಯೇನ? ಹಂಗಾದ್ರ ಹೋಗು. ಸೀರಿ ಚಲೋದು ಉಟ್ಕೊಂಡು ಹೋಗು." ಸಂಜೆಯೊಳಗೆ ಶೆಡ್ಡಿನಲ್ಲಿ, ಚಹಾದ ಅಂಗಡಿಯಲ್ಲಿ, ನೂಲಿನ ವ್ಯಾಪಾರಿಗಳ ಬಳಿ, ಎಲ್ಲ ಕಡೆ ಹೇಳಿ ಬಂದಿದ್ದರು. ಎಮ್ಮೆ ಅಂದವರು ಇವರೇ ಏನು ಎಂದು ನನಗೆ ಅನುಮಾನ ಬರುವಷ್ಟು ಹಿಗ್ಗಿದ್ದರು.

ಶೂಟಿಂಗ್ ಶಿರೋಳಿಯ ಆಚೆ, ಮುಚ್ಚಿದ ಒಂದು ಕಾರಖಾನೆಯ ಶೆಡ್ಡಿನಲ್ಲಿ. ಒಳಗೆ ಹಲಗೆಯಿಂದ ಒಂದು ಮನೆ ಕಟ್ಟಿದ್ದರು. ಹಾಲ್, ದೇವರ ಕೋಣೆ, ಅಡಿಗೆಮನೆ. ಆ ಅಡಿಗೆಮನೆಯಲ್ಲಿ ಎಣ್ಣೆಯ ಜಿಡ್ಡೇ ಇರಲಿಲ್ಲ. ಬೇಸತ್ತ ಗೃಹಿಣಿ ಅಲ್ಲಿ ನಿಂತು ಬೇಸತ್ತುಕೊಳ್ಳಬೇಕಿತ್ತು. ಮೇಲೆ ತಗಡಿನ ಚಾವಣಿ. ಮಳೆ ಜೋರಾದರೆ ಮಾತು ಕೇಳುವುದಿಲ್ಲ ಎಂದು ಎಲ್ಲ ನಿಲ್ಲಿಸಿ ಕೂರುತ್ತಿದ್ದರು.

ನಾಯಕಿಯಾಗಿದ್ದ ನಟಿ ಒಳ್ಳೆಯ ಹೆಂಗಸು. ಆದರೆ ಅವರಿಗೆ ಬೆನ್ನುನೋವು. ಜಿಗಿಯಲು ಆಗುತ್ತಿರಲಿಲ್ಲ, ತಾಳವೂ ಸಿಗುತ್ತಿರಲಿಲ್ಲ. ಎರಡು ದಿನ ನೋಡಿದ ನಿರ್ದೇಶಕರು ನಮ್ಮ ಸಾಲಿನತ್ತ ಬಂದು ನನ್ನ ಕಾಲು ನೋಡಿದರು. ಸಂಜೆ ನನಗೆ ನಟಿಯದೇ ಬಣ್ಣದ ನೀಲಿ ಅಂಗಿ, ಕರಿ ಪ್ಯಾಂಟು, ಗುಲಾಬಿ ಅಂಚಿನ ಬೂಟು ಕೊಟ್ಟರು. ಮುಖ ಅವರದು, ಕಾಲು ಮತ್ತು ಬೆನ್ನು ನನ್ನದು. ಮೊದಲು ಬರಿಗಾಲಿನಲ್ಲಿ ತೆಗೆಯಬೇಕೆಂದಿದ್ದರು. ಕ್ಯಾಮೆರಾದವನು ಬಗ್ಗಿ ನೋಡಿ, ಹಿಮ್ಮಡಿ ಒಡೆದಿವೆ, ಬೂಟು ಹಾಕಿಸಿ ಎಂದ.

ಆ ಬೂಟು ಹಾಕಿಕೊಂಡು ನಾನು ಕುಣಿದ ಹಾಗೆ ಹಿಂದೆ ಕುಣಿದಿರಲಿಲ್ಲ, ಮುಂದೆಯೂ ಕುಣಿಯಲಿಲ್ಲ. ದೀಪಗಳ ಬಿಸಿ, ನೆಲದ ಮೇಲೆ ಬೂಟಿನ ಕಿರ್ ಕಿರ್, ಎದುರಿಗೆ ಜ್ಯೋತಿ ಕೈಯಲ್ಲೇ ತಾಳ ತೋರಿಸುತ್ತ ನಿಂತಿದ್ದಳು. ಮುಗಿದಾಗ ಶೆಡ್ಡಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಟಿ ಬಂದು ನನ್ನನ್ನು ಅಪ್ಪಿಕೊಂಡರು. ಬೂಟನ್ನು ನೀವೇ ಇಟ್ಟುಕೊಳ್ಳಿ ಎಂದರು.

ಊಟದ ಬಿಡುವಿನಲ್ಲಿ ಸೀರಿಯಲ್ಲಿನ ಮಾತು ಬರೆಯುವ ಹುಡುಗಿ ನಮ್ಮ ನಡುವೆ ಬಂದು ಕೂರುತ್ತಿದ್ದಳು. ಮುಂಬೈಯವಳು. ನೀವು ಕ್ಲಾಸಿಗೆ ಹೋಗುತ್ತೇವೆ ಎಂದಾಗ ಮನೆಯಲ್ಲಿ ಏನೆಂದರು ಎಂದು ಎಲ್ಲರನ್ನೂ ಕೇಳಿದಳು. ಒಬ್ಬೊಬ್ಬರೂ, ನಮ್ಮ ಮನೆಯಲ್ಲಿ ಭಾಳ ಸಪೋರ್ಟು ಎಂದರು. ನನ್ನ ಸರದಿ ಬಂತು. ನಾನು ಎಮ್ಮೆಯ ಮಾತು ಹೇಳಿದೆ.

ಮೊದಲು ಮಾಸ್ತರರ ಹೆಂಡತಿಯೊಬ್ಬಳು ಕಿಸಕ್ಕೆಂದಳು. ಅವಳ ಹಿಂದೆ ಎಲ್ಲರೂ. ನಾನೂ ನಕ್ಕೆ. ಊಟದ ತಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಎದೆಯಲ್ಲಿ ತಿಂಗಳಿನಿಂದ ಸಿಕ್ಕಿಕೊಂಡಿದ್ದ ಮುಳ್ಳು ಆ ನಗೆಯಲ್ಲಿ ಸಡಿಲಾಯಿತು. ಆ ಮಾತು ಹೇಳಿದ್ದು ತಪ್ಪು ಎಂದು ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಅನಿಸಿಲ್ಲ.

ಗಣಪತಿ ಹಬ್ಬಕ್ಕೆ ಮುಂಚೆ ಆ ಭಾಗ ಟೀವಿಯಲ್ಲಿ ಬಂತು. ಮೊದಲ ದಿನ ಸಂಜೆ ನಮ್ಮ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ನೆರೆಯವರು, ಶೆಡ್ಡಿನವರು, ನೂಲಿನ ವ್ಯಾಪಾರಿಯ ಮನೆಯವರು. ನಮ್ಮವರು ಭಡಂಗ್ ಎಂಬ ಖಾರದ ಚುರುಮುರಿ ತರಿಸಿ ಹಂಚಿದರು. ನಾಯಕಿ ಕುಣಿದಳು. ಅವಳ ನಗುವ ಮುಖ, ಆಮೇಲೆ ನನ್ನ ಕಾಲು, ಅವಳ ಬೆವರಿದ ಹಣೆ, ಆಮೇಲೆ ನನ್ನ ಬೆನ್ನು.

"ನೀ ಎಲ್ಲಿ ಅದೀ?" ಎಂದರು ಅತ್ತೆ.

"ಅದ ಕಾಲು ನಂದರಿ. ಬೆನ್ನೂ ನಂದ."

"ಮತ್ತ ಮಾರಿ?"

"ಮಾರಿ ಅವರದರಿ."

ನೆರೆಯಾಕೆಯೊಬ್ಬಳು, ಮುಂದಿನ ವಾರ ಬರುತ್ತದೆ ಬಿಡಿ ಎಂದು ಸಮಾಧಾನ ಹೇಳಿದಳು. ಜನ ಎದ್ದುಹೋದ ಮೇಲೆ ನಮ್ಮವರು, "ಬೆನ್ನ ತೋರಸಾಕ ಇಷ್ಟ ದಿನ ಕೊಲ್ಲಾಪುರಕ್ಕ ಹೋಗಿದ್ದೇನ?" ಎಂದು ಕೇಳಿ ಭಡಂಗಿನ ಬುಟ್ಟಿಯನ್ನು ಒಳಗೆ ತಳ್ಳಿದರು. ಕೊನೆಗೆ ಓಡಿದ ಹೆಸರುಗಳಲ್ಲಿ ನಾನು ಜ್ಯೋತಿಯ ಹೆಸರು ಹುಡುಕಿದ್ದೆ. ಹೆಜ್ಜೆ ಕೂರಿಸಿದವರು ಎಂದು ನಾನು ಎಂದೂ ಕಾಣದ ಯಾವುದೋ ಗಂಡಸಿನ ಹೆಸರಿತ್ತು.

ಆದರೂ ನಮ್ಮವರು ದಿನವೂ ನೋಡಲು ಕೂರುತ್ತಿದ್ದರು. ಒಂದು ವಾರ ಕಳೆದಿರಬೇಕು. ಅಂದು ನೂಲಿನ ವ್ಯಾಪಾರಿಯೂ ಬಂದು ಕೂತಿದ್ದರು. ಸೀರಿಯಲ್ಲಿನ ನಾಯಕಿ ಅಡಿಗೆಮನೆಯಲ್ಲಿ ಮಗಳ ಕೈ ಹಿಡಿದು ಹೆಜ್ಜೆ ಹಾಕುತ್ತಿದ್ದಳು. ಗಂಡ ಬಂದು ಬಾಗಿಲಲ್ಲಿ ನಿಂತ. ಮರಾಠಿಯಲ್ಲಿ ಅಂದ, ಎಮ್ಮೆ ಕುಣಿದರೆ ಹಾಲು ಹೆಚ್ಚಾಗುವುದಿಲ್ಲ, ಗೋದಲಿ ಮುರಿಯುತ್ತದೆ ಅಷ್ಟೇ.

ನಮ್ಮವರು ನಕ್ಕರು. ತೊಡೆ ತಟ್ಟಿಕೊಂಡು ನಕ್ಕರು. ವ್ಯಾಪಾರಿಯ ಕಡೆ ತಿರುಗಿ, "ಏನ ಮಾತ ಬರದಾನ ನೋಡ್ರಿ," ಎಂದರು. ನನ್ನ ಕೈಯಲ್ಲಿ ಚಹಾದ ತಾಟು ಇತ್ತು. ವ್ಯಾಪಾರಿಗೆ ಒಂದು ಲೋಟ ಕೊಟ್ಟೆ.

ಅತ್ತೆ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದರು. "ಇದು ನೀನ ಅಂದಿದ್ಯಲ್ಲಪಾ, ಅವತ್ತ. ಊಟಕ್ಕ ಬಂದಾಗ."

ನಮ್ಮವರ ನಗೆ ಒಮ್ಮೆಲೇ ನಿಲ್ಲಲಿಲ್ಲ. ಎರಡು ಸಲ ಇನ್ನೂ ಬಾಯಿ ತೆರೆದುಕೊಂಡಿತು. ಆಮೇಲೆ ನನ್ನತ್ತ ನೋಡಿದರು. ಸೀರಿಯಲ್ಲಿನ ಗಂಡ ಅಷ್ಟರಲ್ಲಿ ಕಾಲು ಜಾರಿ ಬಿದ್ದಿದ್ದ, ಹಿಂದಿನಿಂದ ನಗೆಯ ಸಂಗೀತ ಬರುತ್ತಿತ್ತು. ವ್ಯಾಪಾರಿ ಲೋಟ ಕೆಳಗಿಟ್ಟು, ನಾಳೆ ಬರುತ್ತೇನೆ ರಾವಸಾಹೇಬ ಎಂದು ಎದ್ದರು. ನಮ್ಮವರು ಅವರ ಜತೆಯಲ್ಲೇ ಎದ್ದು ಶೆಡ್ಡಿಗೆ ಹೋದರು.

ಬೈಯಲಿಲ್ಲ, ಹೊಡೆಯಲಿಲ್ಲ. ದೀಪಾವಳಿಯ ತನಕ ನನ್ನ ಜತೆ ಮಾತಾಡಲಿಲ್ಲ, ಅಷ್ಟೆ. ಬೇಕಾದದ್ದನ್ನು ಅಶ್ವಿನಿಯ ಮೂಲಕ ಕೇಳುತ್ತಿದ್ದರು. ಗುಲಾಬಿ ಅಂಚಿನ ಬೂಟು ಮರುದಿನವೇ ಕಟ್ಟೆಯ ಮೇಲಿಂದ ಹೋಯಿತು. ಶೆಡ್ಡಿನಲ್ಲಿ ಲಾಳಿಗೆ ಹಾಕುವ ನೂಲಿನ ಕಾಂಡಿ ಸುತ್ತುವ ಹೆಂಗಸಿನ ಕಾಲಲ್ಲಿ ಅದನ್ನು ನೋಡಿದೆ. "ಸಾಹುಕಾರ್ರು ಕೊಟ್ಟಾರ್ರಿ ಅಕ್ಕಾ," ಎಂದಳು. ಅವಳಿಗೆ ಒಂದು ಅಳತೆ ದೊಡ್ಡದಾಗಿತ್ತು. ಒಳಗೆ ಅರಿವೆ ತುರುಕಿಕೊಂಡಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದಾಗಲಿಲ್ಲ. ಚಹಾ ಕೊಡಲು ಹೋದಾಗಲೆಲ್ಲ ಆ ಕಾಲಿನತ್ತ ನೋಡದಿರಲು ಕಲಿತೆ.

ಕ್ಲಾಸಿಗೆ ಹೋಗಬೇಡ ಎಂದು ನಮ್ಮವರು ಹೇಳಬೇಕಾಗಲೇ ಇಲ್ಲ. ಹಾಲ್‌ನ ಮಾಲೀಕರು ಅವರ ಸ್ನೇಹಿತರು. ಹಬ್ಬ ಮುಗಿಯುತ್ತಿದ್ದಂತೆ ಜ್ಯೋತಿಗೆ ಜಾಗ ಬಿಡಲು ಹೇಳಿದ್ದರು. ಸುದ್ದಿ ಕೇಳಿ ನಾನು ಓಡಿಹೋದೆ. ಅವಳು ಚಾಪೆಗಳನ್ನು ಸುತ್ತಿ ಹಗ್ಗ ಬಿಗಿಯುತ್ತಿದ್ದಳು.

"ನನ್ನ ಸಲುವಾಗಿ ಆತು," ಎಂದೆ.

"ನಿಮ್ಮ ಸಲುವಾಗಿ ಅಲ್ಲ ವೈನಿ." ಅವಳು ಹಗ್ಗದ ಗಂಟನ್ನು ಹಲ್ಲಿನಿಂದ ಎಳೆದಳು. "ಆ ಎಮ್ಮಿ ಮಾತು ಬಂದ ಮರುದಿನ ಆರು ಮಂದಿ ಬರೂದು ಬಿಟ್ರು. ಎಲ್ಲಾರ ಮನ್ಯಾಗೂ ಗಂಡಂದಿರು, ನಾ ಅಂದದ್ದನ್ನ ಅಲ್ಲಿ ಹೋಗಿ ಹೇಳಿಯೇನ ಅಂತ ಕೇಳ್ಯಾರ. ಒಬ್ಬ ಮಾಸ್ತರು ಎಮ್ಮಿ ಅಲ್ಲ, ಒದಿಯೂ ಕತ್ತಿ ಅಂದಿದ್ದನಂತ. ಆದ್ರೂ ತನ್ನ ಮಾತ ಅಂತ ತಿಳಕೊಂಡಾನ."

ನಾವಿಬ್ಬರೂ ನಗಬಹುದಿತ್ತು. ನಗೆ ಬರಲಿಲ್ಲ.

"ನಿನ್ನ ಹೆಸರೂ ಹಾಕಲಿಲ್ಲ," ಎಂದೆ.

"ಫೋನ್ ಮಾಡಿದ್ದೆ. ಮುಂದಿನ ಸಲ ಹಾಕ್ತೀವಿ ಅಂದ್ರು. ನಮ್ಮಪ್ಪ ರಜಾ ಹಾಕಿ ಕುಂತಿದ್ದ ವೈನಿ." ಅಷ್ಟು ಹೇಳಿ ಅವಳು ಸ್ಪೀಕರ್ ಎತ್ತಿದಳು. ಇನ್ನೊಂದು ಕಡೆ ನಾನು ಹಿಡಿದೆ. ಇಬ್ಬರೂ ಮೆಟ್ಟಿಲು ಇಳಿಸಿದೆವು.

ಎರಡು ವರ್ಷ ಬಿಟ್ಟು ಶಿರೋಳಿಯ ಹತ್ತಿರ ಒಮ್ಮೆ ಸಿಕ್ಕಳು. ಕಾರಖಾನೆಯೊಂದರ ಗೇಟಿನಲ್ಲಿ ಖಾಕಿ ಸಮವಸ್ತ್ರ ಹಾಕಿಕೊಂಡು, ಕೆಲಸ ಬಿಟ್ಟು ಬರುವ ಹೆಂಗಸರ ಚೀಲ ತಪಾಸಣೆ ಮಾಡುತ್ತಿದ್ದಳು. "ನಿಂತ ನಿಂತ ಮೊಣಕಾಲು ಹೋಗ್ಯಾವ ವೈನಿ," ಎಂದು ನಕ್ಕಳು. ಉಸಿರು ಬಿಡಿ ಎಂದು ನಮಗೆ ಕೂಗುತ್ತಿದ್ದ ಹುಡುಗಿ. ಮಾತಾಡಲು ಹೆಚ್ಚು ಹೊತ್ತು ಇರಲಿಲ್ಲ, ಸಾಲು ಬೆಳೆಯುತ್ತಿತ್ತು.

ಆ ಸೀರಿಯಲ್ ನಾನು ಕುಣಿದ ವರ್ಷದ ಚಳಿಗಾಲದಲ್ಲೇ ಮುಗಿದಿತ್ತು. ಕೊನೆಯ ಭಾಗವನ್ನು ನಾನೂ ಅತ್ತೆಯೂ ಇಬ್ಬರೇ ನೋಡಿದೆವು. ಗಂಡ ತನ್ನ ತಪ್ಪು ತಿಳಿದುಕೊಂಡು ಕ್ಲಾಸಿಗೆ ಬಂದ. ಹಿಂದಿನ ಸಾಲಿನಲ್ಲಿ ನಿಂತು ಹೆಂಡತಿಯ ಜತೆ ತಪ್ಪುತಪ್ಪಾಗಿ ಹೆಜ್ಜೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಹೂವಿನ ಪಕಳೆ ಉದುರಿದವು. ನಾಯಕಿಯ ಕಾಲು ಬೇರೆ ಯಾರದೋ. ತಿರುಗುವಲ್ಲಿ ಒಂದು ಹೆಜ್ಜೆ ನುಂಗುತ್ತಿದ್ದಳು. ಅತ್ತೆ ಹೊದ್ದಿಕೆ ಎಳೆದುಕೊಂಡರು. "ಇಷ್ಟ ಸುಳ್ಳ ಹೇಳಬಾರ್ದವ್ವಾ," ಎಂದರು. ರೊಟ್ಟಿಯ ಚಿಂತೆಯಿಲ್ಲದೆ ಅತ್ತೆ ನನ್ನ ಪರವಾಗಿ ಆಡಿದ ಮಾತು ಅದೊಂದೇ. ಅದೂ ಟೀವಿಗೆ ಹೇಳಿದ್ದೋ ನನಗೆ ಹೇಳಿದ್ದೋ, ಕೇಳಿ ತಿಳಿದುಕೊಳ್ಳುವ ಮೊದಲೇ ಮುಂದಿನ ವರ್ಷ ತೀರಿಕೊಂಡರು.

ಮನೆಯಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡು ಕೆಲವು ದಿನ ಮಾಡಿ ನೋಡಿದೆ. ಒಬ್ಬಳೇ ಮಾಡುವಾಗ ಅದು ಡಾಕ್ಟರು ಹೇಳಿದ ವ್ಯಾಯಾಮವಾಗುತ್ತಿತ್ತು. ಬಿಟ್ಟೆ. ಮೊಣಕಾಲಿನ ನೋವು ಮರಳಿ ಬಂತು.

ಹೋದ ವರ್ಷ ಅಶ್ವಿನಿಗೆ ವರ ನೋಡಲು ಶುರುಮಾಡಿದೆವು. ಗಡಹಿಂಗ್ಲಜದಲ್ಲಿರುವ ನಾದಿನಿ ಒಂದು ಸಂಬಂಧ ತಂದಳು. ಹುಡುಗ ಸಕ್ಕರೆ ಕಾರಖಾನೆಯಲ್ಲಿ ಕೆಮಿಸ್ಟ್. ನೋಡುವ ಶಾಸ್ತ್ರ ನಾದಿನಿಯ ಮನೆಯಲ್ಲೇ. ಹುಡುಗನ ತಾಯಿ ಮಾತುಗಾತಿ. ಊರಿನ ಮಾತು, ಬೆಳೆಯ ಮಾತು ಮುಗಿದ ಮೇಲೆ ಟೀವಿಯ ಮಾತು ಬಂತು. ಈಗಿನ ಸೀರಿಯಲ್‌ಗಳು ಕೆಟ್ಟುಹೋಗಿವೆ, ಹಿಂದೆ ಏರೋಬಿಕ್ಸಿನದು ಒಂದು ಬರುತ್ತಿತ್ತು, ಎಷ್ಟು ಚೆನ್ನಾಗಿತ್ತು ಎಂದರು.

ನಮ್ಮವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಅದರಾಗ ನಮ್ಮಾಕಿ ಮಾಡ್ಯಾಳ್ರಿ."

ಇಷ್ಟು ವರ್ಷ ಮನೆಯಲ್ಲಿ ಆ ಸೀರಿಯಲ್ಲಿನ ಹೆಸರೆತ್ತಲು ಬಿಟ್ಟವರಲ್ಲ. ಬೀಗರಾಗುವವರೆಲ್ಲ ನನ್ನತ್ತ ತಿರುಗಿದರು.

"ಬರೇ ಅಕಿ ಅಲ್ಲರಿ, ನಾನೂ ಅದೇನಿ ಅದರಾಗ," ಎಂದರು ನಮ್ಮವರು. "ಆ ಎಮ್ಮಿ ಡೈಲಾಗ್ ಐತಲ್ಲ? ಅದು ನಂದರಿ. ನಾ ಅಂದಿದ್ದನ್ನ ತಗೊಂಡು 'ಹಿಟ್' ಮಾಡ್ಯಾರ." ಆಮೇಲೆ ಎದ್ದು ನಿಂತು, ಬಾಗಿಲಿಗೆ ಒರಗಿ, ಒಂದು ಕೈ ಸೊಂಟಕ್ಕೆ ಇಟ್ಟು, ಆ ಮಾತನ್ನು ಮೊದಲಿನಿಂದ ಕೊನೆಯ ತನಕ ಆಡಿ ತೋರಿಸಿದರು. ನಟನಿಗಿಂತ ಚೆನ್ನಾಗಿ ಆಡಿದರು.

ಮನೆಯೆಲ್ಲ ನಕ್ಕಿತು. ಹುಡುಗನ ಅಪ್ಪ ಕೆಮ್ಮುವ ತನಕ ನಕ್ಕರು. ಶೂಟಿಂಗಿನ ಊಟದ ಬಿಡುವಿನಲ್ಲಿ ಹೆಂಗಸರೆಲ್ಲ ಸೇರಿ ನಾವು ಕಿತ್ತುಕೊಂಡಿದ್ದ ಆ ಮಾತನ್ನು ನಮ್ಮವರು ಒಂದು ನಿಮಿಷದಲ್ಲಿ ಮರಳಿ ತಮ್ಮದು ಮಾಡಿಕೊಂಡರು. ಅಶ್ವಿನಿ ಅವಲಕ್ಕಿಯ ತಾಟು ಹಿಡಿದು ನಿಂತಿದ್ದಳು. ಹುಡುಗನಿಗೆ ಕೊಟ್ಟಳು. ಅವನು ನಗುತ್ತಲೇ ತೆಗೆದುಕೊಂಡ.

ಮೂರನೆಯ ದಿನ ಅವರಿಂದ ಒಪ್ಪಿಗೆ ಬಂತು. ಅಶ್ವಿನಿ ಬೇಡ ಎಂದಳು.

"ಯಾಕ?" ನಮ್ಮವರಿಗೆ ನಂಬಿಕೆಯೇ ಬರಲಿಲ್ಲ. "ಹುಡುಗಗ ಏನಾಗೇತಿ? ನೌಕರಿ ಐತಿ, ಹೊಲ ಐತಿ." ಅವಳು ಮಾತಾಡದಿದ್ದಾಗ ನನ್ನ ಕಡೆ ತಿರುಗಿದರು. "ನೀ ಏನರ ತಲಿ ತುಂಬಿಯೇನ?"

"ಇಲ್ರಿ."

"ಅವ್ವ ಏನೂ ಹೇಳಿಲ್ಲ," ಎಂದಳು ಅಶ್ವಿನಿ. "ಅಪ್ಪಾ, ನೀವು ಆ ಮಾತ ಅಂದಾಗ ಅವ ಭಾಳ ನಕ್ಕ."

"ನಗ್ಲಿ ಅಂತನ ಅಂದಿದ್ದು."

"ಹೌದ್ರಿ. ನಗೂದಕ್ಕಿಂತ ಮೊದಲ ಅವ ಅವ್ವನ ಮಾರಿ ನೋಡಿದ. ನೋಡಿ ನಕ್ಕ."

ನಮ್ಮವರು ಇದರ ಅರ್ಥವೇನು ಎಂದು ಕೇಳುವವರ ಹಾಗೆ ನನ್ನತ್ತ ನೋಡಿದರು. ನನಗೆ ಹೇಳಲು ಬರುತ್ತಿತ್ತು. ಒಲೆಯ ಮೇಲೆ ಅನ್ನ ಇತ್ತು, ಒಳಗೆ ಹೋದೆ.

ಸಂಬಂಧ ಮುರಿದದ್ದಕ್ಕೆ ನಾದಿನಿ ಮಾತು ಬಿಟ್ಟಿದ್ದಾಳೆ. ಹುಡುಗಿಗೆ ಸೊಕ್ಕು ಎಂದು ಗಡಹಿಂಗ್ಲಜದಲ್ಲಿ ಹಬ್ಬಿದೆಯಂತೆ. ಅದಾದ ಮೇಲೆ ಎರಡು ಕಡೆಯವರು ನೋಡಲು ಬಂದು ಹೋದರು. ಎರಡೂ ಸಲ ಟೀವಿಯ ಮಾತು ಬಂತು. ನಮ್ಮವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಅಶ್ವಿನಿಯತ್ತ ಒಮ್ಮೆ ನೋಡಿ, ಹಿಂದಕ್ಕೆ ಒರಗಿ ಕೂತರು. ಮಗಳಿಗಾಗಿ ಅವರು ಆ ಮಾತನ್ನು ನುಂಗಿದ್ದಾರೆ. ನನಗಾಗಿ ಇಷ್ಟು ವರ್ಷಗಳಲ್ಲಿ ಒಂದನ್ನೂ ನುಂಗಿದವರಲ್ಲ.